ಗೂಢಚಾರಿಗೆ ಪೆನ್ಷನ್ ಕೊಡಬೇಕೆ?

ಕಳೆದ ತಿಂಗಳು ನಾನು ಗೂಢಚಾರಿಕೆ ಮಾಡಿದೆ. ತಮಾಷೆಗೆ ಹೇಳುತ್ತಿಲ್ಲ. ಬಸವಕಲ್ಯಾಣದಿಂದ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ ಸ್ವಂತ ಅಕ್ಕನ ಗಂಡನ ಬೆನ್ನು ಹತ್ತಿದೆ.

ಮಾಡಿಸಿದವಳು ಅಕ್ಕನೇ. ಬೆಳಿಗ್ಗೆ ನಾನು ಚಹಾಕ್ಕೆ ಹಾಲು ಹಾಕುವ ಹೊತ್ತಿಗೆ ಫೋನ್ ಬಂತು. ಶಾಂತಕ್ಕ ಯಾವತ್ತೂ ಮೊದಲು ನನ್ನ ಮೊಣಕಾಲು ನೋವಿನ ವಿಚಾರಣೆ ಮಾಡಿ ಆಮೇಲೆ ವಿಷಯಕ್ಕೆ ಬರುವವಳು. ಅವತ್ತು ಮೊಣಕಾಲಿನ ಸುದ್ದಿಯೇ ಇಲ್ಲ.

"ನೀಲಾ, ನಿಮ್ಮ ಭಾವ ದಿನಾ ಉಂಡ ಮ್ಯಾಲ ಎಲ್ಲಿಗೋ ಹೋಗಾಕತ್ತಾರ."

"ಎಲ್ಲಿಗಿ?"

"ಗೊತ್ತಿದ್ರ ನಿನಗ್ಯಾಕ ಫೋನ್ ಮಾಡ್ತಿದ್ದೆ? ಕೇಳಿದ್ರ 'ಇಲ್ಲೇ' ಅಂತಾರ. ಸಂಜಿಗಿ ಬರ್ತಾರ. ಇಸ್ತ್ರಿ ಮಾಡಿದ ಅಂಗಿನೇ ಬೇಕು ಅವರಿಗಿ."

ಇಸ್ತ್ರಿ ಅಂಗಿ ಅನ್ನುವಾಗ ಅವಳ ದನಿ ಸ್ವಲ್ಪ ಸಣ್ಣದಾಯಿತು. ವೀರಶೆಟ್ಟಿ ಭಾವ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರ್ ಆಗಿ ಈಚೆಗೆ ನಿವೃತ್ತರಾದವರು. ಅಂಥವರಿಗೆ ಈಗ ಇಸ್ತ್ರಿ ಅಂಗಿ ಯಾಕೆ?

"ನೀ ಅಷ್ಟು ಗೂಢಚಾರಿ ಸಿನೆಮಾ ನೋಡ್ತಿ. ಜರಾ ಬಂದು ನೋಡು, ಏನು ನಡದದ ಅಂತ."

ಈ ಮಾತಿಗೆ ಸ್ವಲ್ಪ ಹಿನ್ನೆಲೆ ಬೇಕು. ನಾನು ಮತ್ತು ಭಾವ ಒಂದು ಗೂಢಚಾರಿ ಸಿನೆಮಾ ಸರಣಿಯ ಅಭಿಮಾನಿಗಳು. (ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನನ್ನ ಮೇಲೆ ಜಗಳಕ್ಕೆ ಬರುತ್ತೀರಿ.) ಹಿಂದೆ ಟಾಕೀಸಿನಲ್ಲಿ, ಆಮೇಲೆ ಟಿವಿಯಲ್ಲಿ ಹಿಂದಿಗೆ ಡಬ್ ಆದದ್ದು, ಈಗ ಮೊಬೈಲಿನಲ್ಲಿ. ಭಾಗದ ಮೇಲೆ ಭಾಗ ಬರುತ್ತಲೇ ಇವೆ. ನಮ್ಮ ವಾದವೂ ಮುಗಿದಿಲ್ಲ. ಹೀರೋಗೆ ವಯಸ್ಸಾಗಲೇಬಾರದು, ಆದರೂ ನಟನನ್ನು ಬದಲಾಯಿಸಬಾರದು ಅನ್ನುವ ಪಾರ್ಟಿ ನಂದು. ಭಾವನವರದು ಶುದ್ಧ ಕಚೇರಿ ವಾದ.

"ಅರವತ್ತಾತಂದ್ರ ಪೆನ್ಷನ್ ಕೊಟ್ಟು ಮನಿಗಿ ಕಳಸ್ಬೇಕು. ರೂಲ್ ಅಂದ್ರ ರೂಲ್. ಅಂವ ಇನ್ನೂ ಮಾಳಿಗಿ ಮ್ಯಾಲ ಓಡಾಕತ್ತಾನಂದ್ರ ಅದು ಡಿಪಾರ್ಟ್‌ಮೆಂಟಿನ ತಪ್ಪು."

ಇಷ್ಟು ಖಡಕ್ಕಾಗಿ ಮಾತಾಡುತ್ತಿದ್ದ ಮನುಷ್ಯ ತನಗೆ ಅರವತ್ತಾದ ಮೇಲೆ ಈ ವಿಷಯದಲ್ಲಿ ಬಾಯಿ ಬಿಟ್ಟಿರಲಿಲ್ಲ. ನಾನೂ ಕೆದಕಿರಲಿಲ್ಲ.

ಅವತ್ತೇ ಮಧ್ಯಾಹ್ನ ಹುಮನಾಬಾದಿನಲ್ಲಿ ಇಳಿದವಳು ಅಕ್ಕನ ಮನೆಗೆ ಹೋಗದೆ ಎದುರಿನ ಮೆಡಿಕಲ್ ಸ್ಟೋರ್ ಹತ್ತಿರ ನಿಂತೆ. ಸೆರಗು ತಲೆ ಮೇಲೆ. ಕಣ್ಣು ಅಕ್ಕನ ಮನೆಯ ಬಾಗಿಲ ಮೇಲೆ.

"ನೀಲಕ್ಕಾರ, ಯಾವಾಗ ಬಂದ್ರಿ?" ಮೆಡಿಕಲ್‌ನವರು.

"ಈಗ್ರಿ."

"ಶಾಂತಕ್ಕ ಮನ್ಯಾಗ ಅದಾರಲ್ರಿ. ಬಿಸಲಾಗ ಯಾಕ ನಿಂತೀರಿ?"

ಅವರಿಗೆ ಉತ್ತರ ಹುಡುಕುವಷ್ಟರಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ನಿಂತು ನನ್ನ ಮಗಳ ಬಾಣಂತನದ ಬಗ್ಗೆ ಕೇಳಿದಳು. ಅವಳ ಹಿಂದೆ ಹಾಲಿನವರು. ಅಲ್ಲ, ಸಿನೆಮಾದ ಗೂಢಚಾರಿಗಳು ಊರೂರು ಸುತ್ತುತ್ತಾರೆ, ಅವರಿಗೆ ಎಲ್ಲೂ ಒಬ್ಬ ಪರಿಚಯದವರು ಎದುರಾಗುವುದಿಲ್ಲ ಯಾಕೆ? "ಎಲ್ಲಿಗಿ ಹೊಂಟಿ?" ಅಂತ ಒಬ್ಬರೂ ಕೇಳುವುದಿಲ್ಲ. ನಮ್ಮ ಕಡೆ ಅವನನ್ನು ತಂದು ಬಿಟ್ಟರೆ ವಿಲನ್ನಿನ ಮನೆ ಮುಟ್ಟುವ ಮೊದಲೇ ನಾಲ್ಕು ಕಡೆ ಚಹಾ ಕುಡಿಸಿ ಕಳಿಸುತ್ತಿದ್ದೆವು.

ಅಷ್ಟರಲ್ಲಿ ಭಾವ ಹೊರಬಿದ್ದರು. ಬಿಳಿ ಅಂಗಿ, ಮಡಿಕೆ ಮುರಿಯದ ಪ್ಯಾಂಟು, ಬಾಚಿದ ತಲೆ. ಹಿಂದೆ ತಿರುಗಿ ನೋಡಲಿಲ್ಲ. ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಬಿಸಿಲಲ್ಲಿ ಅವರ ನಡಿಗೆಯ ಜೋರು ನೋಡಿ ನನಗೆ ಹೆದರಿಕೆಯಾಯಿತು. ಯಾರೋ ಕಾಯುತ್ತಿದ್ದಾರೆ ಅನ್ನುವ ಹಾಗೆ ಹೋಗುತ್ತಿದ್ದರು. ಅಕ್ಕನಿಗೆ ಏನು ಹೇಳುವುದು? ಹೇಗೆ ಹೇಳುವುದು? ದಾರಿಯುದ್ದಕ್ಕೂ ತಲೆಯಲ್ಲಿ ಇದೇ.

ಅವರು ಮನ್ನಾಏಖೇಳ್ಳಿ ಬಸ್ಸು ಹತ್ತಿದರು. ನಾನು ಹಿಂದಿನ ಬಾಗಿಲಿಂದ ಹತ್ತಿ ಕೊನೆಯ ಸೀಟಿನಲ್ಲಿ ಕುಳಿತೆ. ಎಲ್ಲ ಸರಿಯಾಗಿಯೇ ಇತ್ತು, ಕಂಡಕ್ಟರ್ ಬರುವ ತನಕ.

"ಆಧಾರ್ ತೋರಸ್ರಿ ಅಕ್ಕಾರ."

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲೆ ಇದೊಂದು ಫಜೀತಿ. ಚೀಲದಲ್ಲಿ ಆಧಾರ್ ಸಿಗಲಿಲ್ಲ. ದುಡ್ಡು ಕೊಡುತ್ತೇನೆ ಅಂದೆ. "ಇರ್ತದ ನೋಡ್ರಿ, ಸುಮ್ನ ರೊಕ್ಕ ಯಾಕ ಕೊಡ್ತೀರಿ" ಅಂತ ಆ ಪುಣ್ಯಾತ್ಮ ಬಿಡಲಿಲ್ಲ. ಇಲ್ಲ ಅಂತ ನಾನು, ಇರುತ್ತದೆ ಅಂತ ಅವನು. ಮುಂದಿನ ಸೀಟಿನ ಬಿಳಿ ಅಂಗಿ ತಿರುಗಿತು. ನನ್ನ ದನಿ ಭಾವನವರಿಗೆ ಗೊತ್ತಿಲ್ಲವೇ?

ಅವರು ಎದ್ದು ಬಂದು ನನ್ನ ಪಕ್ಕ ಕುಳಿತರು. ಕಂಡಕ್ಟರಿಗೆ ನನ್ನ ಟಿಕೆಟ್ಟಿನ ದುಡ್ಡು ಕೊಟ್ಟರು. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ನಮ್ಮನ್ನು ಮುಂದೆ ಹೋಗಗೊಡದೆ ಸತಾಯಿಸಿ ಪಕ್ಕಕ್ಕೆ ಸರಿಯಿತು.

"ಶಾಂತಾ ಕಳಿಸ್ಯಾಳ?"

"ಹೌದ್ರಿ ಭಾವ. ಎಲ್ಲಿಗಿ ಹೊಂಟೀರಿ?"

"ಮನ್ನಾಏಖೇಳ್ಳಿಗಿ."

"ಅಲ್ಲಿ ಯಾರದಾರ?"

"ಯಾರಿಲ್ಲ. ಚಹಾ ಕುಡಿತೀನಿ. ಹೊಳ್ಳಿ ಬರ್ತೀನಿ."

ನಾನು ನಂಬಲಿಲ್ಲ. ಆದರೆ ನಡೆದದ್ದೂ ಅಷ್ಟೇ. ಮನ್ನಾಏಖೇಳ್ಳಿಯಲ್ಲಿ ಇಳಿದೆವು. ಹೈವೇ ಬದಿಯ ಹೋಟೆಲಿನಲ್ಲಿ ಅವರು ಮಾತಾಡದೆ ಎರಡು ಬೆರಳು ಎತ್ತಿದರು, ಎರಡು ಚಹಾ ಬಂತು. ಕುಡಿಯುವಾಗಲೂ ಅವರ ಕಾಲು ಮೇಜಿನ ಕೆಳಗೆ ಅಲ್ಲಾಡುತ್ತಲೇ ಇತ್ತು. ಲಾರಿ ಹೋದರೆ ಅದರ ಹಿಂದೆ ಕಣ್ಣು, ಬಸ್ಸು ಬಂದರೆ ಬೋರ್ಡಿನ ಮೇಲೆ ಕಣ್ಣು.

"ಒಮ್ಮೊಮ್ಮೆ ಹಳ್ಳಿಖೇಡಕ್ಕೂ ಹೋಗ್ತೀನಿ" ಅಂದರು. "ಮನ್ಯಾಗ ಕುಂತ್ರ ಗಡಿಯಾರನೇ ಕಾಣ್ತದ. ಈಗ ಟಪಾಲು ಬಂದಿರ್ತದ, ಈಗ ಸಾಹೇಬ್ರು ಕರೀತಿರ್ತಾರ. ಮೈ ತಡೆಯಂಗಿಲ್ಲ ನೀಲಾ. ಬಸ್ ಹೊಂಟ್ರ ಜರಾ ಆರಾಮ ಅನಸ್ತದ."

"ಅಕ್ಕಗ ಹೇಳಬಾರದಾ?"

"ಏನಂತ ಹೇಳ್ಲಿ? ಬಸ್ಸಿನಾಗ ಕುಂದ್ರಾಕ ಹೋಗ್ತೀನಿ ಅಂತ?"

ನಗಬೇಕೋ ಬೇಡವೋ ತಿಳಿಯಲಿಲ್ಲ. ಮಾತು ತಿರುಗಿಸಲು, ನಮ್ಮ ಹೀರೋಗೆ ಈಗಲಾದರೂ ಪೆನ್ಷನ್ ಕೊಡೋಣವೇ ಅಂತ ಕೇಳಿದೆ. ಅವರು ಲೋಟ ಕೆಳಗಿಟ್ಟರು.

"ಓಡ್ಲಿ ಬಿಡು. ಅಂವ ಯಾಕ ಓಡ್ತಾನಂತ ಆಗ ನನಗ ತಿಳದಿರ್ಲಿಲ್ಲ."

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೋದೆವು. ಭಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಅಡುಗೆಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಬೇರೆ ಹೆಣ್ಣಿಲ್ಲ, ಇಸ್ಪೀಟಿಲ್ಲ, ಕುಡಿತವಿಲ್ಲ. ಬರೀ ಬಸ್ಸು. ಅವಳು ನಿಟ್ಟುಸಿರು ಬಿಟ್ಟು ನಗುತ್ತಾಳೆ ಅಂದುಕೊಂಡಿದ್ದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಖಾಲಿ ಬಸ್ಸಿನಾಗ ಕುಂದ್ರಾದು? ನಾ ಮನ್ಯಾಗ ಇದ್ದಾಗ?"

"ಅಕ್ಕ, ಅವರಿಗಿ ಹೊತ್ತು ಹೋಗಾಂಗಿಲ್ಲಂತ."

"ನನ್ನ ಸಂಗಟ ಹೊತ್ತು ಹೋಗಾಂಗಿಲ್ಲ ಅನ್ನು. ನಿನ್ನ ಸಂಗಟ ಸಿನೆಮಾದ ಮಾತು ತಾಸುಗಟ್ಟಲೆ ಆಡ್ತಾರ. ನನ್ನ ಸಂಗಟ ಏನದ? 'ಊಟಕ್ಕೇನು', 'ಚಾವಿ ಎಲ್ಲಿ'. ಇನ್ನೊಬ್ಬಾಕಿ ಇದ್ದಿದ್ರ ಬೈದಾದ್ರೂ ಬಿಡ್ತಿದ್ದೆ. ಈ ಬಸ್ಸಿಗಿ ಏನನ್ಲಿ ನಾ?"

ನನ್ನ ಮೇಲೂ ಅವಳಿಗೆ ಸಿಟ್ಟಿದೆ ಅಂತ ಅವತ್ತೇ ತಿಳಿದದ್ದು. ಇಷ್ಟು ವರ್ಷ ನಾವಿಬ್ಬರು ಹೀರೋ ಬಗ್ಗೆ ಕೂಗಾಡುವಾಗ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದವಳು ಅವಳು. ಅವಳಿಗೆ ಸಿನೆಮಾ ಸೇರುವುದಿಲ್ಲ ಅಂತ ನಾವೇ ತೀರ್ಮಾನ ಮಾಡಿದ್ದೆವು.

ಅಕ್ಕ ಹಿಟ್ಟಿನ ಕೈ ತೊಳೆದು ಪಡಸಾಲೆಗೆ ಬಂದಳು. ಭಾವ ಟವೆಲ್ಲಿನಿಂದ ಮುಖ ಒರೆಸುತ್ತಿದ್ದರು.

"ಹಚ್ರಿ."

"ಏನು?"

"ನಿಮ್ಮ ಆ ಸಿನೆಮಾ. ಹಚ್ರಿ, ನೋಡ್ತೀನಿ."

ಭಾವ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಅವರು ಟಿವಿಯಲ್ಲಿ ಸರಣಿಯ ಈಚಿನ ಭಾಗ ಹಚ್ಚಿದರು. ಅಕ್ಕ ಸೋಫಾದ ಅಂಚಿಗೆ ಕುಳಿತು ಪರೀಕ್ಷೆಗೆ ಕುಳಿತವಳಂತೆ ನೋಡತೊಡಗಿದಳು.

"ಇಂವ ಮುಂಜಾನಿಂದ ಒಂದು ತುತ್ತು ಉಂಡಿಲ್ಲ."

"ಅದು ಸಿನೆಮಾ, ಶಾಂತಾ."

"ಸಿನೆಮಾ ಆದ್ರೇನು, ಹೊಟ್ಟಿ ಇಲ್ಲೇನು? ಮುಟ್ಟಿದಿ ಏನಪಾ ಅಂತ ಒಂದು ಫೋನ್ ಮಾಡೋರಿಲ್ಲ ಅವಗ?"

ಇಷ್ಟೂ ವರ್ಷ ಆ ಸರಣಿ ನೋಡಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಬಂದೂಕು, ಕಾರು, ಯಾವ ನಟ ಮೇಲು ಅನ್ನುವುದರಲ್ಲೇ ನಮ್ಮ ಆಯುಷ್ಯ ಹೋಯಿತು.

ಮುಂದೆ ಒಂದು ದೃಶ್ಯ. ಮೇಲಧಿಕಾರಿ ಬೇಡ ಅನ್ನುತ್ತಾನೆ. ಹೀರೋ ಮಾತು ಮೀರಿ ಒಬ್ಬ ಹುಡುಗಿಯನ್ನು ಉಳಿಸಲು ಹೋಗುತ್ತಾನೆ. ಭಾವ ಅಭ್ಯಾಸಬಲದಿಂದ ಶುರು ಮಾಡಿದರು.

"ಇಲ್ಲೇ ತಪ್ಪಿದ. ಆರ್ಡರ್ ಇಲ್ಲದ ಹೋಗಬಾರದಿತ್ತು."

"ಆರ್ಡರ್ ಕಾಕೋತ ಕುಂತಿದ್ರ ಆಕಿ ಸಾಯ್ತಿದ್ಲು." ಅಕ್ಕ ಬಿಡಲಿಲ್ಲ.

"ಹಂಗಂದ್ರ ಡಿಪಾರ್ಟ್‌ಮೆಂಟ್ ಹ್ಯಾಂಗ ನಡೀಬೇಕು?"

"ನೀವು ಹಂಗೇ ಅಂದ್ರಿ" ಅಂದಳು ಅಕ್ಕ. ದನಿ ಏರಿಸಲಿಲ್ಲ. "ನಮ್ಮವ್ವ ಹಾಸಿಗಿ ಹಿಡದಾಗ. ರಜಾ ಸ್ಯಾಂಕ್ಷನ್ ಆಗಿಲ್ಲ ಅಂದ್ರಿ. ಆಕಿ ಅಳಿಯ ಬಂದಾನೇನು ಅಂತ ಕೇಳಕೋತ ಹೋದ್ಲು. ನೀವು ಮಣ್ಣಿಗಿ ಬಂದ್ರಿ."

ಭಾವ ರಿಮೋಟ್ ಒತ್ತಿದರು. ಹೀರೋ ಗಾಳಿಯಲ್ಲೇ ನಿಂತ. ಅವ್ವನ ಕೊನೆಯ ದಿನ ಹಾಸಿಗೆ ಪಕ್ಕ ನಾನೂ ಇದ್ದೆ. ಅವಳು ಕೇಳಿದ್ದು ನನಗೂ ನೆನಪಿದೆ. ಆದರೆ ಅಕ್ಕ ಅದನ್ನು ಒಳಗಿಟ್ಟುಕೊಂಡು ಇಷ್ಟು ವರ್ಷ ಇವರ ಅಂಗಿಗೆ ಇಸ್ತ್ರಿ ಮಾಡಿದಳೇ?

"ಬರಬೇಕಿತ್ತು" ಅಂದರು ಭಾವ.

ರಿಮೋಟ್ ಪಕ್ಕಕ್ಕಿಟ್ಟು ಇನ್ನೊಂದು ಮಾತು ಸೇರಿಸಿದರು. "ನಾ ಅರ್ಜಿನೇ ಕೊಟ್ಟಿರ್ಲಿಲ್ಲ ಶಾಂತಾ. ಸಾಹೇಬ್ರಿಗಿ ಕೇಳಾಕ ಅಂಜಿದ್ದೆ."

ಅಕ್ಕ ಅವರ ಮುಖ ನೋಡಿದಳು. ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಎದ್ದು ನೀರು ಕುಡಿದು ಬಂದೆ. ಬರುವಷ್ಟರಲ್ಲಿ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಟಿವಿ ಕಡೆ ತಿರುಗಿದ್ದಳು.

"ಮುಂದ ಹಚ್ರಿ. ಆ ಹುಡುಗಿ ಏನಾಗ್ತಾಳ ನೋಡ್ಬೇಕು."

ಹುಡುಗಿ ಉಳಿದಳು. ಆದರೆ ಅಕ್ಕನಿಗೆ ಮೇಲಧಿಕಾರಿ ಸರಿ ಕಾಣಲಿಲ್ಲ, ಭಾವ ಅವನ ಪರ ನಿಂತರು. ಇಂಥ ಸಾಹೇಬನ ಕೈಕೆಳಗೆ ಕೆಲಸ ಮಾಡಿದ್ದಕ್ಕೇ ನೀವು ಹೀಗಾದಿರಿ ಅಂತ ಅವಳು, ಕುರ್ಚಿಯ ಕಷ್ಟ ನಿನಗೇನು ಗೊತ್ತು ಅಂತ ಇವರು. ಬಸವಕಲ್ಯಾಣದ ಬಸ್ಸಿಗೆ ಹೊತ್ತಾಯಿತು ಅಂತ ನಾನು ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಚೀಲ ಹಿಡಿದು ಹೊರಟೆ.

ಎಲ್ಲ ಸುಖವಾಯಿತು ಅಂತ ತಿಳಿಯಬೇಡಿ. ಭಾವ ಈಗಲೂ ಬಸ್ಸು ಹತ್ತುತ್ತಾರೆ. ಎಲ್ಲಿಗೆ ಅಂತ ಹೇಳಿ ಹೋಗುತ್ತಾರೆ, ಅಷ್ಟೇ ವ್ಯತ್ಯಾಸ. ಒಮ್ಮೆ ಅಕ್ಕನೂ ಹೋದಳಂತೆ, ಮನ್ನಾಏಖೇಳ್ಳಿಯ ಚಹಾ ಬರೀ ಸಕ್ಕರೆ ಅಂದಳಂತೆ. ಅವ್ವನ ವಿಷಯ ಮತ್ತೆ ಎರಡು ಸಲ ಬಂದಿದೆ, ಎರಡು ಸಲವೂ ಅಳು. ರಾತ್ರಿ ಊಟವಾದ ಮೇಲೆ ಸರಣಿಯ ಹಳೆಯ ಭಾಗಗಳನ್ನು ಮೊದಲಿಂದ ನೋಡುತ್ತಿದ್ದಾರೆ. ಯಾವ ನಟ ಮೇಲು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆಯಿಲ್ಲ. ನನ್ನ ಅಭಿಪ್ರಾಯ ಈಗ ಯಾರೂ ಕೇಳುತ್ತಿಲ್ಲ. ಬೇಸರ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಅದಿರಲಿ. ನಿಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡುವುದಕ್ಕೆ ಒಂದು ಒಳ್ಳೆಯ ವಿಷಯ ಸಿಕ್ಕು ಎಷ್ಟು ದಿನವಾಯಿತು?