ಹಗಲು ಮಲಗುವ ಓಣಿಯ ಕಾಕಾ

ಬಲಗೈಯಲ್ಲಿ ನಾಯಿಯ ಹಗ್ಗ, ಎಡಗೈಯಲ್ಲಿ ತಮ್ಮದೇ ಚಪ್ಪಲಿ. ಬಿಸಿಯೇರುತ್ತಿದ್ದ ಸಿಮೆಂಟಿನ ಮೇಲೆ ಪಕ್ಕದ ಮನೆಯ ಕಾಕಾ ಬರಿಗಾಲಲ್ಲಿ ಓಣಿ ದಾಟುತ್ತಿದ್ದರು. ಹಿಂದೆ ಕರಿಯ, ಅವರ ನಾಯಿ, ಯಾರದೋ ಕನಸಿನೊಳಗೆ ಕಾಲಿಡುವ ಹಾಗೆ ಹೆಜ್ಜೆ ಹಾಕುತ್ತಿತ್ತು.

ಹಟ್ಟಿಯ ಗಣಿ ಕ್ವಾರ್ಟರ್ಸಿನಲ್ಲಿ ಹಗಲೇ ರಾತ್ರಿ. ರಾತ್ರಿ ಪಾಳಿ ಮುಗಿಸಿ ಬಂದವರು ಕಿಟಕಿಗೆ ಕಂಬಳಿ ಕಟ್ಟಿ ಮಧ್ಯಾಹ್ನ ಎರಡರವರೆಗೆ ಮಲಗುತ್ತಾರೆ. ಹೆಂಗಸರು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಬಿಳಿ ಬಿಸಿಲು, ಅಲುಗದ ಕಂಬಳಿಗಳು, ಆಚೆಗೆ ಗಣಿಯ ಬೂದು ಮಣ್ಣಿನ ದಿಬ್ಬ. ಓಣಿ ನೀರಿನಡಿಯಲ್ಲಿ ಇದ್ದಂತೆ ಕಾಣುತ್ತದೆ.

ನಾನು ಮಸ್ಕಿಯವನು. ಲಿಂಗಸುಗೂರಿನಲ್ಲಿ ಪತ್ರಿಕೆಯ ಕೆಲಸ. ಆಗ ಇದ್ದದ್ದು ಹಟ್ಟಿಯಲ್ಲಿ, ಗಣಿಗೆ ಇಳಿಯುವ ಅಣ್ಣನ ಮನೆಯಲ್ಲಿ. ಕಾಕಾ ಕಾರ್ಮಿಕರನ್ನು ಗಣಿಯೊಳಗೆ ಇಳಿಸಿ ಏರಿಸುವ ಯಂತ್ರ ನಡೆಸಿ ನಿವೃತ್ತರಾದವರು, ಮಗನ ಕ್ವಾರ್ಟರ್ಸಿನಲ್ಲಿದ್ದರು. ಕರಿಯನಿಗೆ ಹುಚ್ಚುನಾಯಿ ರೋಗದ ಸೂಜಿ ಹಾಕಿಸಿದ ಚೀಟಿ ಅವರ ಅಂಗಿ ಕಿಸೆಯಲ್ಲೇ ಇರುತ್ತಿತ್ತು. ನಾಯಿಗೆ ಹೆದರಿದವರಿಗೆ ತೆಗೆದು ತೋರಿಸುವರು. ಅದು ಹೊಲಸು ಮಾಡಿದರೆ ಕಾಗದದಲ್ಲಿ ಎತ್ತುವರು. ಆ ಕಾಗದ ನಮ್ಮ ಪತ್ರಿಕೆಯೇ.

"ತಮ್ಮಾ, ನಿನ್ನ ಸುದ್ದಿ ಭಾಳ ಉಪಯೋಗ ಬೀಳ್ತಾವ ನೋಡು," ಎಂದು ಒಮ್ಮೆ ಗಂಭೀರವಾಗಿ ಹೇಳಿದರು.

ಕರಿಯ ಬಂದ ಹೊಸದರಲ್ಲಿ ಅದರ ಬೊಗಳಾಟಕ್ಕೆ ಅಣ್ಣ ಮೂರು ದಿನ ನಿದ್ದೆಗೆಟ್ಟ. ಓಣಿಯವರು ಸೇರಿ, ನಾಯಿಯನ್ನು ಕಳಿಸಬೇಕೆಂದು ಕ್ವಾರ್ಟರ್ಸ್ ಆಫೀಸಿಗೆ ಅರ್ಜಿ ಕೊಡಲು ತೀರ್ಮಾನಿಸಿದರು. ಬರೆಯುವ ಕೆಲಸ ನನಗೆ ಬಂತು. ಬರೆದೆ. ಅರ್ಜಿ ಸಹಿಗಾಗಿ ಮನೆಯಿಂದ ಮನೆಗೆ ಹೋಗಿ, ಸಂಜೆ ಕಾಕಾನ ಕೈಯಲ್ಲೇ ನಮ್ಮ ಬಾಗಿಲಿಗೆ ಬಂತು.

"ಛಲೋ ಬರದೀ. ಒಂದು ತಪ್ಪೈತಿ," ಎಂದರು.

ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು, "ಏನ್ ತಪ್ಪ್ರಿ ಕಾಕಾ?" ಎಂದೆ.

"ರಾತ್ರಿ ಬೊಗಳ್ತೈತಿ ಅಂತ ಬರದೀ. ರಾತ್ರಿ ಬೊಗಳಿದ್ರ ಯಾರಿಗೇನ್ ತ್ರಾಸು? ಅರ್ಧ ಓಣಿ ಗಣಿಯಾಗ ಇರ್ತೈತಿ. ಇದು ಹಗಲ ಬೊಗಳ್ತೈತಿ. ಅದಾ ದೊಡ್ಡ ತಪ್ಪು. ತಿದ್ದು."

ಊರೂರಲ್ಲಿ ಜನ ನಾಯಿಯ ಮೇಲೆ ದೂರುವುದು ರಾತ್ರಿ ಬೊಗಳುತ್ತದೆ ಎಂದೇ. ಕೈ ರೂಢಿಯಿಂದ ಬರೆದಿತ್ತು. ಅವರ ಎದುರೇ ತಿದ್ದಿದೆ. ದೂರು ಬಲವಾಯಿತು.

"ನಿದ್ದಿಗೆಟ್ಟ ಮನಷ್ಯಾನ್ನ ಕೆಳಗ ಇಳಸಬಾರದು. ಜೀವದ ಮಾತು ಅದು," ಎಂದರು. "ಎಂಟು ದಿನ ತಡಿ. ಬಾಯಿ ಮುಚ್ಚಲಿಲ್ಲಂದ್ರ ನಾನೇ ಸಹಿ ಮಾಡಿ ಕೊಟ್ಟು ಬರ್ತೀನಿ."

ಮರುದಿನದಿಂದ ಶುರುವಾಯಿತು ಆ ಬರಿಗಾಲ ನಡಿಗೆ. ಓಣಿ ಮಲಗುವ ಹೊತ್ತಿಗೆ ನಾಯಿಯೊಂದಿಗೆ ಹೊರಟರೆ, ದಿಬ್ಬದಾಚೆಯ ಬೇವಿನ ಮರದಡಿ ಎರಡರವರೆಗೆ ಕೂತಿರುವರು. ನಾನು ಕೆಲಸಕ್ಕೆ ಹೋಗುವಾಗ ಒಂದೊಂದು ಸಲ ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದರು: ಬಿಸಿಲ ಝಳದಲ್ಲಿ ತೇಲುವ ಮರ, ಅದರಡಿ ತೂಕಡಿಸುವ ಇಬ್ಬರು.

ಐದನೆಯ ಮಧ್ಯಾಹ್ನ ಅಣ್ಣ ಎದ್ದು ಚಹಾ ಕುಡಿಯುವಾಗ ಕಾಕಾ ಬಂದರು. "ಹೋಗೂ ಮುಂದ ಓಣಿ ತುದಿಗೆ ಎಮ್ಮಿ ಬಂತು. ಒಂದ್ಸಲ ಬೊಗಳ್ತು. ಎಚ್ಚರಾತೇನು?"

"ಇಲ್ರಿ ಕಾಕಾ, ಸತ್ತಂಗ ಮಲಗಿದ್ದೆ."

"ಆದ್ರೂ ಹೇಳಬೇಕಲ್ಲ," ಎಂದು ಮುಂದಿನ ಮನೆಗೆ ಹೋದರು. ಹಾಗೆ ಪ್ರತಿ ಮನೆಗೂ. ಅರ್ಜಿ ಆಫೀಸಿಗೆ ಹೋಗಲಿಲ್ಲ, ಕರಿಯ ಉಳಿಯಿತು. ನಡಿಗೆಯೂ ಉಳಿಯಿತು, ವರ್ಷಗಟ್ಟಲೆ.

ತಮ್ಮ ವಿರುದ್ಧದ ದೂರಿನ ತಪ್ಪನ್ನು ತಾವೇ ತಿದ್ದಿಸಿದ ಇನ್ನೊಬ್ಬರನ್ನು ಈ ವೃತ್ತಿಯಲ್ಲಿ ನಾನು ಕಂಡಿಲ್ಲ. ಬರೆದದ್ದನ್ನು ಕಳಿಸುವ ಮುನ್ನ ಎರಡನೆಯ ಸಲ ಓದುವುದು ಅವರಿಂದ ಬಂದ ಅಭ್ಯಾಸ.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು, ನಸುಕಿನಲ್ಲಿ. "ಎರಡರ ಮ್ಯಾಲ ಒಯ್ಯಿರಿ, ಮಂದಿ ಮಲಗಿರ್ತಾರ," ಎಂದು ಮಗನಿಗೆ ಮೊದಲೇ ಹೇಳಿಟ್ಟಿದ್ದರಂತೆ. ಮನೆಯವರು ದನಿ ತಗ್ಗಿಸಿ ಅತ್ತರು. ಸುದ್ದಿ ತಿಳಿದು ಬಂದ ನಾನು ಬೆಳಗಿನಿಂದ ಅಲ್ಲೇ ಇದ್ದೆ. ಕರಿಯ ಹೊಸ್ತಿಲ ಬಳಿ ಮುಖವನ್ನು ಮುಂಗಾಲ ಮೇಲಿಟ್ಟು ಮಲಗಿತ್ತು.

ಹನ್ನೊಂದಕ್ಕೆ ಹೊರಗೆ ನೋಡಿದರೆ ರಾತ್ರಿ ಪಾಳಿಯವರೆಲ್ಲ ಬಿಸಿಲಲ್ಲಿ ನಿಂತಿದ್ದರು. ಮುಂದೆ ಅಣ್ಣ, ಕಣ್ಣು ಕೆಂಪಾಗಿ.

"ಮಲಗಲಿಲ್ಲೇನೋ?" ಎಂದೆ.

"ಹೆಂಗ ಮಲಗ್ಲಿ? ನಾಯಿ ಬೊಗಳಾಕತ್ತೈತಿ," ಎಂದ.

ಬೆಳಗಿನಿಂದ ಅದು ಒಮ್ಮೆಯೂ ಬೊಗಳಿರಲಿಲ್ಲ. ನಾನು ತಿದ್ದಲಿಲ್ಲ.