ಬೆಂಗಳೂರಿಗಿಂತ ಹತ್ತಿರದ ಲಂಡನ್

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ತಂಗಿಯ ಮಗಳ ಮದುವೆಯಲ್ಲಿ ನಾನು ಒಂದೂ ಸುಳ್ಳು ಹೇಳಲಿಲ್ಲ. ಹೇಳಿದ್ದೆಲ್ಲ ನಿಜ, ಅದೇ ಈಗ ನನ್ನನ್ನು ತಿನ್ನುತ್ತಿದೆ.

ಆ ಸಂಬಂಧ ತಂದವಳು ನಾನೇ. ಹುಡುಗ ಬೀದರಿನವನು, ನಮ್ಮ ಚರ್ಚಿನವನೇ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನೂ ನರ್ಸ್ ಆಗಿ ಬೀದರಿನಲ್ಲೇ ಜೀವ ಸವೆಸಿದವಳು. ನಮ್ಮ ಮನೆತನದಿಂದ ಒಬ್ಬಳಾದರೂ ವಿಮಾನ ಹತ್ತಲಿ ಅಂತ ನನಗೆ ಚಪಲ. ತಂಗಿ ಔರಾದ್ ಹತ್ತಿರದ ಹಳ್ಳಿಯಲ್ಲಿ ಹೊಲ, ಕುರಿ ಅಂತ ಇರುವವಳು. ಅವಳ ಗಂಡ ಮೊದಲೇ ತಲೆ ಅಲ್ಲಾಡಿಸಿದ.

"ಭಾಳ ದೂರ ಆಗ್ತದರಿ ಅಕ್ಕೋರೆ. ನಾಳೆ ಹೆರಿಗಿ ಬಂದ್ರ ಹ್ಯಾಂಗರಿ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಹೈದರಾಬಾದ್ ವಿಮಾನ ನಿಲ್ದಾಣದಿಂದ ಲಂಡನ್ನಿಗೆ ಎಷ್ಟು ಹೊತ್ತು ಅಂತ ಫೋನಿನಲ್ಲಿ ಹುಡುಕಿ ಅವನ ಮುಖಕ್ಕೆ ಹಿಡಿದೆ.

"ನೋಡ್ರಿ, ಹತ್ತು ತಾಸು! ಬೆಂಗಳೂರಿಗಿ ಬಸ್ಸಿನ್ಯಾಗ ಹನ್ನೆರಡು ತಾಸು ಕೂಡ್ತೀರಿ. ಲಂಡನ್ನೇ ಹತ್ರ ಆಯ್ತಲ್ರಿ!"

ತಂಗಿ ನಕ್ಕುಬಿಟ್ಟಳು. ಅದೇ ಪರದೆಯ ಮೇಲೆ ಏಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಅಂತಲೂ ಇತ್ತು. ಅದನ್ನು ನಾನು ಓದಿ ಹೇಳಲಿಲ್ಲ. ಮದುವೆ ಆಯಿತು.

ಹುಡುಗಿ ಬಸುರಿಯಾದಾಗ ತಂಗಿ ಎರಡು ಸಲ ಕೇಳಿದಳು, "ಅಕ್ಕಾ, ಚೊಚ್ಚಲ ಹೆರಿಗಿ, ನಾ ಹೋಗ್ಬೇಕಲ್ಲ?" "ಹೋಗೀಯಂತ, ಈಗೇನು ಅವಸರ" ಅಂದೆ. ಪಾಸ್‌ಪೋರ್ಟ್, ವೀಸಾ ಅಂತ ಬಾಯಿ ಬಿಟ್ಟರೆ ನನ್ನ ಹತ್ತು ತಾಸಿನ ಬಂಡವಾಳ ಬಯಲಾಗುತ್ತದಲ್ಲ ಅನ್ನುವ ಅಳುಕು. ಸೋಮಾರಿತನವೂ ಇತ್ತು, ಸುಳ್ಳೇಕೆ.

ಮೊನ್ನೆ ಮಧ್ಯಾಹ್ನ ಬಾಗಿಲು ತೆರೆದರೆ ತಂಗಿ. ಔರಾದ್ ಬಸ್ಸಿನ ಧೂಳು ಇನ್ನೂ ಮೈಮೇಲಿತ್ತು. ಬ್ಯಾಗಿನ ತುಂಬ ಬಾಣಂತಿಗೆಂದು ಅಂಟಿನ ಉಂಡಿ, ಅಜವಾನ, ಕೂಸಿಗೆಂದು ಹಳೇ ಸೀರೆ ಹರಿದು ಮಡಚಿಟ್ಟ ಮೆತ್ತನೆಯ ಬಟ್ಟೆ.

"ಹೆರಿಗಿ ಬ್ಯಾನಿ ಶುರು ಆಗ್ಯಾವಂತ ಅಕ್ಕಾ. ನಡಿ, ಹೈದರಾಬಾದಿಗಿ ಹೋಗಮ್. ಈಗ ಹೊಂಟ್ರ ನಾಳೆ ಮುಂಜಾನಿ ಮಗಳ ಬಾಜೂ ಇರ್ತೇನಿ. ಆಧಾರ್ ಕಾರ್ಡೂ ತಂದೇನಿ."

ಅಯ್ಯೋ ದೇವರೇ! ಅವಳನ್ನು ಕೂಡಿಸಿ, ನೀರು ಕೊಟ್ಟು, ಹೇಳಲೇಬೇಕಾಯಿತು. ಆಧಾರ್ ಸಾಲದು. ಎಷ್ಟೋ ತಿಂಗಳ ಹಿಂದೆಯೇ ಓಡಾಡಬೇಕಿತ್ತು, ಓಡಾಡಬೇಕಾದವಳು ನಾನು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

"ಮತ್ತ ಆಕಿ ಬಾಜೂ ಯಾರಿರ್ತಾರ?" ಅಂದಳು.

"ಗಂಡ ಇರ್ತಾನಲ್ಲ. ನರ್ಸ್ ಇದ್ದಾನ ಅಂವಾ."

"ಆಕಿಗಿ ನರ್ಸ್ ಬ್ಯಾಡ ಅಕ್ಕಾ. ಅವ್ವ ಬೇಕು."

ನನಗೆ ಎಲ್ಲಾದರೂ ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋಗುವುದೆಲ್ಲಿಗೆ, ಮನೆ ನನ್ನದೇ.

ಸಂಜೆ ವಿಡಿಯೋ ಕರೆ ಬಂತು. ಹೆಣ್ಣು ಕೂಸು, ಇಬ್ಬರೂ ಹುಷಾರು. ಮಗಳು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ತಂಗಿ ಅಳಲಿಲ್ಲ. "ತಲಿಗಿ ಬಟ್ಟಿ ಕಟ್ಕೋ, ತಣ್ಣೀರು ಮುಟ್ಟಬ್ಯಾಡ" ಅಂತ ಎರಡೆರಡು ಸಲ ಹೇಳಿ ಫೋನ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಕುಟುಕುವ ದನಿಯಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಅಕ್ಕಾ, ನಿನ್ನ ಮಗಳಿಗಿ ಯಾಕ ಭಾಲ್ಕಿಗಿ ಕೊಟ್ಟಿ?"

ಬೀದರಿನಿಂದ ಭಾಲ್ಕಿಗೆ ಬಸ್ಸಿನಲ್ಲಿ ಒಂದು ತಾಸು. ಆ ಲಂಡನ್ ಹುಡುಗನ ಮನೆಯವರು ಮೊದಲು ಕೇಳಿದ್ದು ನನ್ನ ಮಗಳನ್ನೇ. ಇದು ತಂಗಿಗೆ ಗೊತ್ತಿಲ್ಲ.

"ಹತ್ರ ಆಗ್ತದಂತ ಕೊಟ್ಟೆ" ಅಂದೆ.