ಮಾವಿಸ್ ಕೊರೆಯದ ಆರು ಜಾಗ

ರಸ್ತೆ ಪರೀಕ್ಷೆಯ ಕೆಲಸಕ್ಕೆ ಬರುವ ಮುಂಚೆ ಮಾವಿಸ್ ಟ್ರೆಲೋರ್ ದಕ್ಷಿಣ ಆಸ್ಟ್ರೇಲಿಯಾದ ನಮ್ಮ ಕಡೀನಾ ಊರಿನ ಧಾನ್ಯದ ಉಗ್ರಾಣದಲ್ಲಿದ್ದಳು. ಲಾರಿಯಲ್ಲಿ ಬಂದ ಬಾರ್ಲಿಯೊಳಗೆ ಉದ್ದನೆಯ ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಿದ್ದಳು. ಕೊಳವೆ ಎಲ್ಲಿ ಇಳಿಯುತ್ತದೆಂದು ತಿಳಿದುಕೊಂಡು ಕೆಲವರು ಅಲ್ಲಿಗೆ ಮಾತ್ರ ಒಳ್ಳೆಯ ಕಾಳು ತುಂಬಿ ತರುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಅವಳ ಪಕ್ಕದಲ್ಲೇ ನಿಂತು ಹಾಡುತ್ತಿದ್ದರು. ಅವಳು ಉಗ್ರಾಣವನ್ನೂ ಬಿಟ್ಟಳು, ಚರ್ಚನ್ನೂ ಬಿಟ್ಟಳು.

ನಮ್ಮಲ್ಲಿ ಒಂದು ದಿನ ಹಾಸಿದ ಡಾಂಬರೆಂದರೆ ಒಂದು ಪಾಲು. ಇಡೀ ಪಾಲನ್ನು ಅಗೆದು ನೋಡಲಾಗದು. ಅದಕ್ಕೇ ಆರು ಕಡೆ ಕೊರೆದು ಬಿಲ್ಲೆ ತೆಗೆದು, ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುತ್ತಾರೆ. ಸರಾಸರಿ ಚೆನ್ನಾಗಿದ್ದರೆ ಸಾಲದು, ಆರೂ ಒಂದಕ್ಕೊಂದು ಹತ್ತಿರವಿರಬೇಕು. ಏರುಪೇರಿದ್ದರೆ ಗುತ್ತಿಗೆದಾರನ ಹಣದಲ್ಲಿ ಕಡಿತ. ತೀರಾ ಹೆಚ್ಚಿದ್ದರೆ ಕಿತ್ತು ಮತ್ತೆ ಹಾಸಬೇಕು. ಆ ಆರು ಜಾಗ ಯಾರ ಇಷ್ಟದ್ದೂ ಅಲ್ಲ; ಲಾಟರಿಯ ಹಾಗೆ ಬಂದ ಅಂಕಿಗಳದ್ದು.

ಆ ಮಂಗಳವಾರ ರೋಲರ್ ನಿಂತ ಮೇಲೆ ಮಾವಿಸ್ ಆರು ಕಡೆ ಹಳದಿ ಬಣ್ಣದ ವೃತ್ತ ಬರೆದಳು. ಡಾಂಬರು ತಣಿಯುವಷ್ಟರಲ್ಲಿ ಬರೋಣವೆಂದು, ಮಾಂಸ ತುಂಬಿದ ಕಡುಬಿನಂಥ ಪ್ಯಾಸ್ಟಿ ತರಲು ಊರಿಗೆ ಹೋದಳು. ತಿರುಗಿ ಬಂದಾಗ ವೃತ್ತಗಳೊಳಗಿನ ಡಾಂಬರು ಹೊಳೆಯುತ್ತಿತ್ತು. ಬಣ್ಣ ಉದ್ದಕ್ಕೆ ಬಳಿದುಕೊಂಡಿತ್ತು. ರೋಲರಿನ ಚಕ್ರದ ಮೇಲೂ ಹಳದಿ.

ಅವಳು ಅರ್ಧ ತಿಂದ ಪ್ಯಾಸ್ಟಿಯನ್ನು ಕಸದ ಚೀಲಕ್ಕೆ ಹಾಕಿದಳು.

“ಡಾರ್ಸಿ, ಈ ಆರೂ ಬೇಡ. ಹೊಸ ಅಂಕಿ ತೆಗೀತೀನಿ.”

ಗುತ್ತಿಗೆದಾರನ ಮೇಸ್ತ್ರಿ ಡಾರ್ಸಿ ಪೆಂಗಿಲ್ಲಿ ನಕ್ಕ. “ಮೊದ್ಲು ಇವನ್ನ ಕೊರಿಯೇ ಮಾರಾಯ್ತಿ. ಇಷ್ಟ ಆಗ್ಲಿಲ್ಲ ಅಂದ್ರೆ ಆಮೇಲೆ ಬೇರೆ ನೋಡ್ಕೋ.”

“ಕೊರೆದ್ಮೇಲೆ ಬದಲಾಯಿಸಿದ್ರೆ, ಬೇಕಾದ ಫಲಿತಾಂಶ ಸಿಗೋವರೆಗೆ ಹುಡುಕಿದ್ಳು ಅಂತ ನೀನೇ ದೂರು ಕೊಡ್ತೀಯ. ಅದಕ್ಕೇ ಒಂದನ್ನೂ ಮುಟ್ಟಲ್ಲ.”

“ಕ್ಲೈವ್ ಒಂಚೂರು ಇಸ್ತ್ರಿ ಮಾಡ್ದ, ಅಷ್ಟೇ ತಾನೇ?”

“ಕಾಲರಿಗೆ ಇಸ್ತ್ರಿ ಮಾಡಿ ಇಡೀ ಅಂಗಿಗೆ ಕಾಸು ಕೇಳ್ತೀಯಲ್ಲೋ, ಥೂ.”

ರೋಲರ್ ಓಡಿಸುವ ಕ್ಲೈವ್ ಹತ್ತಿರ ಬಂದ. “ಈ ಪಾಲು ಫೇಲಾದ್ರೆ ಶನಿವಾರ ಕೀಳ್ಬೇಕು ಕಣೇ. ಅವತ್ತೇ ಫುಟ್‌ಬಾಲ್ ಫೈನಲ್.”

“ಬೆಳಿಗ್ಗೇನೇ ನೆಟ್ಟಗೆ ಉರುಳಿಸ್ಬೇಕಿತ್ತು.”

ವೃತ್ತಗಳಿಗೆ ಕಪ್ಪು ಬಣ್ಣ ಹೊಡೆದು, ಹೊಸ ಅಂಕಿ ತೆಗೆದು, ಅವನ್ನು ಯಾರಿಗೂ ಹೇಳದೆ ಟೇಪು ಹಿಡಿದು ಅಳೆದು, ನಿಂತಲ್ಲೇ ಯಂತ್ರ ಊರಿ ಕೊರೆದಳು. ಮೊದಲ ಮೂರು ಗಟ್ಟಿಯಾಗಿ ಬಂದವು. ನಾಲ್ಕನೆಯದು ರಸ್ತೆಯ ಅಂಚಿನಲ್ಲಿತ್ತು. ಹೊರಗೆ ತೆಗೆಯುತ್ತಿದ್ದಂತೆ ಒಣಗಿದ ಕೇಕಿನ ಹಾಗೆ ಅಂಗೈಯಲ್ಲೇ ಉದುರಿತು. ಐದನೆಯದು ಗಟ್ಟಿಯಿತ್ತು, ಕೊನೆಯದು ಮತ್ತೆ ಹಾಗೇ. ಅವಳು ಆ ಪುಡಿಯನ್ನು ಡಾರ್ಸಿಯ ಮುಖದ ಹತ್ತಿರ ಹಿಡಿದಳು. ಡಾರ್ಸಿ ಬಾರ್ಲಿ ಹೊಲದ ಕಡೆ ನೋಡಿದ.

“ಅಂಚು ಅಂದ್ರೆ ಎಲ್ಲಾ ಕಡೆ ಹಾಗೇ.”

“ಎಲ್ಲಾ ಕಡೆ ಹೇಗಿರುತ್ತೋ ಅದನ್ನೇ ನಾನು ಅಳೀತಿರೋದು.”

ಪಾಲು ತಿರಸ್ಕಾರವಾಯಿತು. ಶನಿವಾರ ಇಡೀ ತಂಡ ರೇಡಿಯೋದಲ್ಲಿ ಫೈನಲ್ ಕೇಳುತ್ತಾ ರಸ್ತೆ ಕಿತ್ತು ಹೊಸದಾಗಿ ಹಾಸತೊಡಗಿತು. ಮಾವಿಸ್ ಬಂದಾಗ ಯಾರೂ ತಲೆಯೆತ್ತಲಿಲ್ಲ. ಕ್ಲೈವ್ ಮಾತ್ರ ರೋಲರಿನಿಂದ ಇಳಿದು ಬಂದು, ಗುಟ್ಟು ಹೇಳುವವನ ಹಾಗೆ ತಗ್ಗಿದ ದನಿಯಲ್ಲಿ ಕೇಳಿದ: “ಈ ಸಲ ಎಲ್ಲೆಲ್ಲಿ ಕೊರೀತೀಯ, ಮುಂಚೆನೇ ಹೇಳ್ಬಿಡೇ. ಅಲ್ಲೆಲ್ಲ ಚೆನ್ನಾಗಿ ಉರುಳಿಸ್ತೀನಿ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳು ಜಲ್ಲಿಯ ಮೇಲೆ ಉಗುಳಿ ಗಾಡಿಯತ್ತ ನಡೆದಳು.